ಹಿತ್ತಿಲ ದುಂಬಿ

ನಮ್ಮ ಕಾವ್ಯಗಳಲ್ಲಿ ದುಂಬಿಯಷ್ಟು ಮನ್ನಣೆ ಪಡೆದ ಕೀಟ ಇನ್ನೊಂದಿಲ್ಲ. ಅಳಿ, ತುಂಬಿ, ಭ್ರಮರ, ಮಧುಕರ, ಷಟ್ಪದ ಎಂದು ಅದಕ್ಕೆ ಎಷ್ಟೊಂದು ಹೆಸರುಗಳು! ಹತ್ತನೆಯ ಶತಮಾನದ ಪಂಪನು ಬನವಾಸಿಯ ಮೇಲಣ ತನ್ನ ಮೋಹವನ್ನು ಹೇಳುವಾಗಲೂ ದುಂಬಿಯನ್ನು ಮರೆಯಲಿಲ್ಲ. ಬಹುಕಾಲ ತರಗತಿಗಳಲ್ಲಿ ಇಂಥ ಪದ್ಯಗಳಿಗೆ ಅರ್ಥ ಹೇಳುತ್ತಿದ್ದ ನನಗೆ, ಆ ದುಂಬಿಯನ್ನೇ ಹಿತ್ತಿಲಿನಲ್ಲಿ ಕುಳಿತು ನೋಡುವ ವಿರಾಮ ನಿವೃತ್ತಿಯಿಂದ ದೊರೆತಿದೆ. ಹಾಗೆ ಕಂಡದ್ದನ್ನೂ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಬೇಕು. ಇಂಗ್ಲಿಷಿನ 'ಬಂಬಲ್‌ಬೀ' ಎಂಬ ಪದವನ್ನು ನಾವು ಸಾಮಾನ್ಯವಾಗಿ ದುಂಬಿ ಎಂದೇ ಅನುವಾದಿಸುತ್ತೇವೆ. ಜಗತ್ತಿನಲ್ಲಿ ಅದರ ಸುಮಾರು 250 ಪ್ರಭೇದಗಳಿವೆ. ಬಹುಪಾಲು ತಂಪು ನಾಡಿನವು. ಮೈತುಂಬ ದಟ್ಟವಾದ ರೋಮ. ಚಳಿಯಲ್ಲಿ ರೆಕ್ಕೆಯ ಸ್ನಾಯುಗಳನ್ನು ನಡುಗಿಸಿ ಮೈಯನ್ನು ಬಿಸಿಮಾಡಿಕೊಳ್ಳುವ ಶಕ್ತಿ. ಭಾರತದಲ್ಲಿ ಅವುಗಳ ನೆಲೆ ಹಿಮಾಲಯ. ನಮ್ಮ ಹಿತ್ತಿಲಿನಲ್ಲಿ ಝೇಂಕರಿಸುವ ಕಪ್ಪು ದುಂಬಿ ಬೇರೆಯದು. ಅದರ ಹೊಟ್ಟೆಯ ಮೇಲ್ಭಾಗ ನುಣುಪಾಗಿ ಹೊಳೆಯುತ್ತದೆ. ಬಿಸಿಲು ಬಿದ್ದಾಗ ರೆಕ್ಕೆಗಳಲ್ಲಿ ನೀಲಿ, ನೇರಳೆ, ಹಸಿರು ಬಣ್ಣಗಳು ಮಿಂಚುತ್ತವೆ. ಶಾಸ್ತ್ರಜ್ಞರು ಇದರ ಕುಲವನ್ನು 'ಕ್ಸೈಲೋಕೋಪ' ಎಂದು ಕರೆಯುತ್ತಾರೆ. ಗ್ರೀಕ್ ಮೂಲದ ಈ ಮಾತಿಗೆ ಮರ ಕಡಿಯುವವನು ಎಂದರ್ಥ. ನಾವು ಬಡಗಿ ದುಂಬಿ ಎನ್ನಬಹುದು.

ಈ ಬಡಗಿತನವನ್ನು ನಮ್ಮ ಪೂರ್ವಿಕರು ಗಮನಿಸದೆ ಇರಲಿಲ್ಲ. ಮರವನ್ನೇ ಕೊರೆಯಬಲ್ಲ ದುಂಬಿಯು ಸಂಜೆ ಮುಚ್ಚಿಕೊಂಡ ತಾವರೆಯೊಳಗೆ ಮಾತ್ರ ಸುಮ್ಮನೆ ಸೆರೆಯಾಗುತ್ತದೆ, ಪ್ರೀತಿಯ ಕಟ್ಟು ಅಂಥದು ಎಂಬ ಭಾವದ ಸಂಸ್ಕೃತ ಸುಭಾಷಿತವೊಂದಿದೆ. ತಾವರೆಯ ಸೆರೆ ಕವಿಕಲ್ಪನೆಯಿರಬಹುದು. ಮರ ಕೊರೆಯುವುದು ಮಾತ್ರ ಕಣ್ಣಾರೆ ಕಂಡ ಸತ್ಯ.

ಕೊರೆಯುವವಳು ಹೆಣ್ಣು. ಒಣಗಿದ ಕೊಂಬೆ, ಹಳೆಯ ತೊಲೆ ಅಥವಾ ಬಿದಿರಿನ ಗಳುವಿನಲ್ಲಿ ಕಂಪಾಸಿನಿಂದ ಗೀಚಿದಂತೆ ದುಂಡಾದ ಬಾಗಿಲನ್ನು ಮಾಡುತ್ತಾಳೆ. ಕೆಳಗೆ ಉದುರಿರುವ ಮರದ ಹುಡಿಯೇ ಅದರ ಗುರುತು. ಒಳಗಿನ ಸುರಂಗದಲ್ಲಿ ಪರಾಗವನ್ನೂ ಮಕರಂದವನ್ನೂ ಕಲಸಿ ಉಂಡೆ ಕಟ್ಟಿ, ಅದರ ಮೇಲೊಂದು ಮೊಟ್ಟೆಯಿಟ್ಟು, ಮರದ ಹುಡಿಯಿಂದಲೇ ಗೋಡೆ ಎಬ್ಬಿಸುತ್ತಾಳೆ. ಆಚೆಗೆ ಇನ್ನೊಂದು ಕೋಣೆ. ಕೀಟಲೋಕದ ಅತ್ಯಂತ ದೊಡ್ಡ ಮೊಟ್ಟೆಗಳಲ್ಲಿ ಇವೂ ಸೇರಿವೆ. ಜೇನಿನಂತೆ ಸಾವಿರಾರು ಮಂದಿಯ ಸಂಸಾರ ಇವಳಿಗಿಲ್ಲ. ಇಡುವ ಮೊಟ್ಟೆಗಳೂ ಬೆರಳೆಣಿಕೆಯವು. ಆದುದರಿಂದ ಒಂದು ಗೂಡು ನಾಶವಾದರೆ ಅದು ಸಣ್ಣ ನಷ್ಟವಲ್ಲ.

ಇನ್ನು ಇದರ ಉಪಕಾರ. ಬದನೆಯ ಹೂವಿನ ಕೇಸರಗಳನ್ನು ನೋಡಿ. ಅವುಗಳ ತುದಿಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ಪರಾಗ ಅಲ್ಲಿಂದಲೇ ಉದುರಬೇಕು. ದುಂಬಿ ಹೂವನ್ನು ಅಪ್ಪಿಹಿಡಿದು, ರೆಕ್ಕೆ ಬಡಿಯದೆಯೇ ಹಾರಾಟದ ಸ್ನಾಯುಗಳನ್ನು ಕಂಪಿಸುತ್ತದೆ. ಆಗ ಝೇಂಕಾರದ ಸ್ವರ ಥಟ್ಟನೆ ಬದಲಾಗುವುದನ್ನು ನೀವೂ ಕಿವಿಗೊಟ್ಟು ಕೇಳಬಹುದು. ಆ ಕಂಪನಕ್ಕೆ ಪರಾಗ ಚಿಮ್ಮುತ್ತದೆ. ನಾವು ಸಾಕುವ ಜೇನಿಗೆ ಈ ವಿದ್ಯೆ ಬಾರದು. ಎಕ್ಕ, ಕಕ್ಕೆ, ನುಗ್ಗೆಯ ಹೂಗಳಿಗೂ ಈ ದುಂಬಿ ಬೇಕಾದ ಅತಿಥಿ. ಹಾಗೆಂದು ಇದು ಸಾಧುವೇನಲ್ಲ. ಉದ್ದ ಕೊಳವೆಯಂಥ ಹೂವು ಸಿಕ್ಕಿದರೆ ಬುಡದಲ್ಲಿ ಸೀಳಿ, ಪರಾಗವನ್ನು ಮುಟ್ಟದೆ ಮಕರಂದವನ್ನು ಕದಿಯುವುದೂ ಉಂಟು.

ಇವುಗಳಲ್ಲಿ ರಾತ್ರಿಸಂಚಾರಿಯೂ ಇದೆಯೆಂದರೆ ಆಶ್ಚರ್ಯವಾದೀತು. ಪಶ್ಚಿಮಘಟ್ಟದ ಭೀಮಾಶಂಕರದ ಕಾಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಂತೆ, ಬಡಗಿ ದುಂಬಿಯ ಒಂದು ಪ್ರಭೇದವು ನಕ್ಷತ್ರಗಳ ಬೆಳಕಿನಲ್ಲೇ ಬಣ್ಣಗಳನ್ನು ಗುರುತಿಸಬಲ್ಲದು. ನಮ್ಮ ಕಣ್ಣಿಗೆ ಅಷ್ಟು ಬೆಳಕಿನಲ್ಲಿ ಬಣ್ಣವೇ ಕಾಣದು.

ಇಂಥ ಜೀವಿಗೆ ನಮ್ಮ ಬೀದಿಗಳಲ್ಲಿ ಸಿಗುವ ಸತ್ಕಾರವಾದರೂ ಎಂಥದು? "ಮೇಷ್ಟ್ರೇ, ನಿಮ್ಮ ದುಂಬಿ ನಮ್ಮ ತೊಲೆ ತಿಂದುಹಾಕುತ್ತಿದೆ, ಸೀಮೆಎಣ್ಣೆ ಬತ್ತಿ ತುರುಕುತ್ತೇನೆ ನೋಡಿ" ಎಂದು ನೆರೆಮನೆಯ ಹಿರಿಯರೊಬ್ಬರು ಒಮ್ಮೆ ದೂರಿದರು. "ಅದು ಗೆದ್ದಲಲ್ಲ ರಾಯರೇ, ಮರ ತಿನ್ನುವುದಿಲ್ಲ, ಮನೆ ಮಾಡಿಕೊಳ್ಳುತ್ತದೆ ಅಷ್ಟೆ" ಎಂದೆ. ವರ್ಷವರ್ಷವೂ ಅಲ್ಲೇ ಕೊರೆದರೆ ತೊಲೆ ಸೊರಗುವುದು ನಿಜ. ಅದಕ್ಕೆ ಉಪಾಯ ಕೊಲ್ಲುವುದಲ್ಲ. ಬೇಕಾದ ಮರಕ್ಕೆ ಬಣ್ಣ ಬಳಿದರೆ ದುಂಬಿ ಸಾಮಾನ್ಯವಾಗಿ ಅತ್ತ ಸುಳಿಯದು. ಮುಖದ ಮುಂದೆ ಗಿರಕಿ ಹೊಡೆದು ಹೆದರಿಸುವುದು ಹೆಚ್ಚಾಗಿ ಗಂಡು. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಕೊಂಡಿಯಿದ್ದರೂ, ಹಿಡಿದು ಪೀಡಿಸಿದ ಹೊರತು ಕುಟುಕುವುದು ಅಪರೂಪ.

ಹಂಚಿನ ಮನೆಗಳು ಹೋಗಿ ಕಾಂಕ್ರೀಟಿನವು ಬಂದಂತೆ ತೊಲೆ, ಜಂತೆ, ಚಪ್ಪರದ ಗಳು ಎಲ್ಲವೂ ಮರೆಯಾಗುತ್ತಿವೆ. ಒಣಕೊಂಬೆಯನ್ನು ಕಸವೆಂದು ಸುಡುತ್ತೇವೆ. ಹೂವಿನ ಗಿಡ ನೆಟ್ಟರೆ ದುಂಬಿಗೆ ಊಟವಾಯಿತು, ಮನೆ ಎಲ್ಲಿ? ಸತ್ತ ಕೊಂಬೆಯೊಂದನ್ನು ಮೂಲೆಯಲ್ಲಿ ಉಳಿಸಿ. ಒಂದು ತುದಿ ಗೆಣ್ಣಿನಿಂದ ಮುಚ್ಚಿರುವ ಬಿದಿರಿನ ತುಂಡುಗಳನ್ನು ಮಳೆ ಬೀಳದಂತೆ ಸೂರಿನಡಿ ಅಡ್ಡಲಾಗಿ ಕಟ್ಟಿ. ಸಾವಿರ ವರ್ಷ ನಮ್ಮ ಕಾವ್ಯದಲ್ಲಿ ಬಿಡಾರ ಹೂಡಿದ ಜೀವಿಗೆ ಹಿತ್ತಿಲಿನಲ್ಲಿ ಒಂದು ಗೇಣು ಬಿದಿರು ಕೊಡಲಾರದಷ್ಟು ಬಡವರೇನಲ್ಲ ನಾವು.