ಬಾಸ್ ಮೀನಿನ ಬಾಯಿ, ರೀಲಿನ ಸುರುಳಿ

ಲಾರ್ಜ್‌ಮೌತ್ ಬಾಸ್ ಬೇಟೆಯನ್ನು ಬೆನ್ನಟ್ಟಿ ಕಚ್ಚುವುದಕ್ಕಿಂತ ಹತ್ತಿರ ಹೋಗಿ ಹೀರಿಕೊಳ್ಳುವುದೇ ಹೆಚ್ಚು. ಬಾಯಿ, ಗಂಟಲು ಎರಡನ್ನೂ ಅದು ಒಮ್ಮೆಲೇ ಅಗಲಿಸಿದಾಗ ಒಳಗಿನ ಒತ್ತಡ ಕುಸಿಯುತ್ತದೆ. ಎದುರಿಗಿದ್ದ ನೀರು ತನ್ನಲ್ಲಿದ್ದ ಪುಟ್ಟ ಮೀನನ್ನೋ ಕ್ರೇಫಿಶ್ಶನ್ನೋ ಹೊತ್ತುಕೊಂಡು ಒಳಕ್ಕೆ ನುಗ್ಗುತ್ತದೆ. ನೀರು ಕಿವಿರುಗಳಿಂದ ಹೊರಬೀಳುತ್ತದೆ, ಬೇಟೆ ಉಳಿಯುತ್ತದೆ. ಇಷ್ಟಾಗಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಬಾಯಿಗೆ ಬಂದದ್ದು ತಿನ್ನುವಂಥದ್ದಲ್ಲ ಎನಿಸಿದರೆ ಉಗುಳುವುದೂ ಬೇಗವೇ. ನುಂಗುವುದಕ್ಕೂ ಉಗುಳುವುದಕ್ಕೂ ನಡುವಿನ ಆ ಚಿಕ್ಕ ಬಿಡುವಿನಲ್ಲಿ ದಡದ ಮೇಲಿರುವವನಿಗೆ ಸುದ್ದಿ ಮುಟ್ಟಬೇಕು, ಅವನ ಎಳೆತ ಮರಳಿ ಮೀನಿನ ಬಾಯಿಗೆ ಮುಟ್ಟಬೇಕು.

ಬಾಸ್ ಹಿಡಿಯುವ ಸಲಕರಣೆಯನ್ನೆಲ್ಲ ಅಳೆಯಬೇಕಾದದ್ದು ಈ ಒಂದು ಗಳಿಗೆಯಿಂದ. ಆದರೆ ಅಮೆರಿಕದ ಯಾವುದೇ ಮೀನುಗಾರಿಕೆ ಅಂಗಡಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಸಾಲುಸಾಲು ರಾಡುಗಳು. ಟೆಕ್ಸಾಸಿನಲ್ಲೋ ಜಾರ್ಜಿಯಾದಲ್ಲೋ ನೆಲೆಸಿ, ವಾರಾಂತ್ಯಕ್ಕೆ ಹತ್ತಿರದ ಕೆರೆಯಲ್ಲಿ ಗಾಳ ಹಾಕೋಣ ಎಂದು ಹೊರಟ ನಮ್ಮವರೂ ದುಬಾರಿ ರಾಡು ಕೊಂಡು, ಉಳಿದ ಚಿಲ್ಲರೆಯಲ್ಲಿ ದಾರ ತರುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೀನಿನ ಬಾಯಿಯಿಂದ ಶುರುಮಾಡಿ ಕೈಯ ಕಡೆಗೆ ಬನ್ನಿ: ಮೊದಲು ಗಾಳ, ಆಮೇಲೆ ದಾರ, ಆಮೇಲೆ ರೀಲು, ಕೊನೆಗೆ ರಾಡು. ಪೂರ್ಣಚಂದ್ರ ತೇಜಸ್ವಿಯವರನ್ನು ಓದಿ ಬೆಳೆದ ಕನ್ನಡಿಗರಿಗೆ ಮೀನು ಹಿಡಿಯುವುದು ಬರೀ ಕಾಲಹರಣವಲ್ಲ, ನೀರನ್ನೂ ಜೀವಿಯನ್ನೂ ಅರಿಯುವ ದಾರಿ ಎಂದು ಬೇರೆ ಹೇಳಬೇಕಿಲ್ಲ.

ಗಾಳದ ಮೊನೆ ಚೂಪಾಗಿದೆಯೇ ಎಂದು ತಿಳಿಯಲು ಅದನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಜಾರಿದರೆ ಮೊಂಡಾಗಿದೆ, ಸಿಕ್ಕಿಕೊಂಡರೆ ಸರಿಯಾಗಿದೆ. ಬಾಸ್ ಹುದುಗುವುದು ಜೊಂಡು, ಮುಳುಗಿದ ಮರ, ಬಂಡೆಗಳ ನಡುವೆ. ಅಲ್ಲಿ ಬರಿಯ ಗಾಳ ಎಸೆದರೆ ಕಸಕ್ಕೇ ಸಿಕ್ಕಿಕೊಳ್ಳುತ್ತದೆ. 1949ರಲ್ಲಿ ಓಹಾಯೋದ ಆಕ್ರನ್ ಊರಿನ ನಿಕ್ ಕ್ರೀಮ್ ಎಂಬಾತ ತನ್ನ ಅಡುಗೆಮನೆಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ಕಿನಿಂದ ಎರೆಹುಳು ಮಾಡಿದ. ಮುಂದೆ ಅದರಿಂದ ಬೆಳೆದುಬಂದ ಕಟ್ಟುವ ವಿಧಾನವೇ ಟೆಕ್ಸಾಸ್ ರಿಗ್: ಗುಂಡಿನ ಆಕಾರದ ಭಾರ ಮುಂದೆ, ಗಾಳದ ಮೊನೆ ಹುಳುವಿನ ಮೈಯೊಳಗೆ. ಕಸದ ನಡುವೆ ಅದು ನುಸುಳಿ ಬರುತ್ತದೆ. ಮೀನು ಬಾಯಿ ಒತ್ತಿ, ನೀವು ಎಳೆದಾಗ ಮಾತ್ರ ಮೊನೆ ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಹೊರಬರುತ್ತದೆ. ಹೊಸಬರು ಕಲಿಯಬೇಕಾದ ಮೊದಲ ಕಟ್ಟು ಇದೇ.

ಇನ್ನು ದಾರ. ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಮೂರು ಬಗೆ: ನೈಲಾನ್, ಫ್ಲೋರೋಕಾರ್ಬನ್ ಮತ್ತು ಹೆಣೆದ ದಾರ, ಅಂದರೆ ಬ್ರೇಡ್. ಇವುಗಳ ಸ್ವಭಾವ ತಿಳಿಯಲು ಸಾಂದ್ರತೆ ನೋಡಿದರೆ ಅರ್ಧ ಕೆಲಸ ಮುಗಿಯಿತು. ನೀರಿನದು 1 ಎಂದಿಟ್ಟುಕೊಂಡರೆ ನೈಲಾನಿನದು ಸುಮಾರು 1.14, ಫ್ಲೋರೋಕಾರ್ಬನ್ನಿನದು 1.78, ಬ್ರೇಡ್ ಮಾಡುವ ಪಾಲಿಥಿಲೀನ್ ಎಳೆಯದು 0.97. ಹಾಗಾಗಿ ಬ್ರೇಡ್ ತೇಲುತ್ತದೆ, ನೈಲಾನ್ ನಿಧಾನವಾಗಿ ಇಳಿಯುತ್ತದೆ, ಫ್ಲೋರೋಕಾರ್ಬನ್ ಮುಳುಗುತ್ತದೆ. ನೀರಿನ ಮೇಲ್ಮೈಯಲ್ಲಿ ಚಿಮ್ಮುತ್ತ ಬರುವ ಲ್ಯೂರಿಗೆ, ಅಂದರೆ ಕೃತಕ ಬೇಟೆಗೆ, ಫ್ಲೋರೋಕಾರ್ಬನ್ ಕಟ್ಟಿದರೆ ದಾರವೇ ಅದರ ಮೂತಿಯನ್ನು ಕೆಳಕ್ಕೆ ಜಗ್ಗುತ್ತದೆ. ತಳದಲ್ಲಿ ಎಳೆಯುವ ಹುಳುವಿಗೆ ಅದೇ ಗುಣ ಅನುಕೂಲ.

ಬೆಳಕಿನ ಲೆಕ್ಕ ಇನ್ನೊಂದು. ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋಕಾರ್ಬನ್ನಿನದು ಸುಮಾರು 1.42, ನೈಲಾನಿನದು 1.53ರ ಆಸುಪಾಸು. ಎರಡು ವಸ್ತುಗಳ ಸೂಚ್ಯಂಕ ಹತ್ತಿರವಾದಷ್ಟೂ ಅವುಗಳ ಗಡಿಯಲ್ಲಿ ಬೆಳಕು ಕಡಿಮೆ ಬಾಗುತ್ತದೆ, ಕಡಿಮೆ ಪ್ರತಿಫಲಿಸುತ್ತದೆ. ಫ್ಲೋರೋಕಾರ್ಬನ್ ನೀರಿನಲ್ಲಿ ಮಾಯವಾಗುತ್ತದೆ ಎಂದು ಮಾರುವವರು ಹೇಳುವುದು ಉತ್ಪ್ರೇಕ್ಷೆ. ನೈಲಾನಿಗಿಂತ ಕಡಿಮೆ ಕಾಣುತ್ತದೆ ಎಂಬುದು ಸತ್ಯ. ತಿಳಿನೀರಿನಲ್ಲಿ ಈ ವ್ಯತ್ಯಾಸಕ್ಕೆ ದುಡ್ಡು ಕೊಡಬಹುದು. ಕೆಂಪುಮಣ್ಣು ಕದಡಿದ ನೀರಿನಲ್ಲಿ ಕೊಡಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹಿಗ್ಗುವ ಗುಣ. ನಿಮ್ಮ ಲ್ಯೂರ್ 30 ಮೀಟರ್ ದೂರದಲ್ಲಿದೆ ಎನ್ನಿ. ಎಳೆದಾಗ ನೈಲಾನ್ ಬರೀ ಶೇ. 5ರಷ್ಟು ಹಿಗ್ಗಿದರೂ ಒಂದೂವರೆ ಮೀಟರ್ ದಾರದಲ್ಲೇ ಕರಗಿಹೋಯಿತು. ನೀವು ರಾಡನ್ನು ಜೋರಾಗಿ ಹಿಂದಕ್ಕೆ ಬೀಸಿದರೂ ಅದರ ತುದಿ ಸರಿಯುವುದು ಹೆಚ್ಚುಕಡಿಮೆ ಅಷ್ಟೇ. ಮೀನಿನ ಬಾಯಿಗೆ ಮುಟ್ಟುವ ಎಳೆತ ಎಷ್ಟು ಕಡಿಮೆಯಾದೀತು ಎಂದು ಊಹಿಸಿ. ಬ್ರೇಡ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಬಲಕ್ಕೆ ಹೋಲಿಸಿದರೆ ಅದು ತೆಳ್ಳಗೂ ಇರುತ್ತದೆ: 30 ಪೌಂಡಿನ ಬ್ರೇಡ್ ಸುಮಾರು 8 ಪೌಂಡಿನ ನೈಲಾನಿನಷ್ಟೇ ದಪ್ಪ. ಡಲ್ಲಾಸಿಗೆ ಪೂರ್ವದಲ್ಲಿರುವ ಲೇಕ್ ಫೋರ್ಕ್ ಜಲಾಶಯದಂತೆ ಮುಳುಗಿದ ಮರಗಳು ತುಂಬಿದ ನೀರಿನಲ್ಲಿ ಸಿಕ್ಕ ಮೀನನ್ನು ಮೊದಲ ಕ್ಷಣದಲ್ಲೇ ಕೊಂಬೆಗಳಿಂದ ಆಚೆ ತರಬೇಕು, ಅದಕ್ಕೆ ಹಿಗ್ಗದ ಬ್ರೇಡೇ ಬೇಕು. ಜೊಂಡಿನಲ್ಲಾದರೆ ಬ್ರೇಡ್ ಗಿಡವನ್ನೇ ಕತ್ತರಿಸಿಕೊಂಡು ಬರುತ್ತದೆ. ಒರಟು ಬಂಡೆ, ಮರಗಳಿಗೆ ಉಜ್ಜುವ ಕಡೆ ಅದರ ತುದಿಗೆ ಒಂದೆರಡು ಮೀಟರ್ ಫ್ಲೋರೋಕಾರ್ಬನ್ ಸೇರಿಸುವುದು ಒಳ್ಳೆಯದು. ಹಾಗೆಂದು ಹಿಗ್ಗುವುದು ಯಾವಾಗಲೂ ಕೆಟ್ಟದ್ದಲ್ಲ. ಸಣ್ಣ ಮೂರುಮೊನೆ ಗಾಳಗಳಿರುವ ಕ್ರ್ಯಾಂಕ್‌ಬೇಟ್ ಎಂಬ ಗಟ್ಟಿ ಲ್ಯೂರನ್ನು ಬಿಗಿ ದಾರದಲ್ಲಿ ಜಗ್ಗಿದರೆ ಮೀನಿನ ತುಟಿ ಹರಿದು ಗಾಳ ಕಳಚುತ್ತದೆ. ಅಲ್ಲಿ ನೈಲಾನೇ ಸರಿ.

ಗಂಟು ಬಿಗಿಯುವ ಮುನ್ನ ದಾರವನ್ನು ಎಂಜಲಿನಿಂದ ಒದ್ದೆ ಮಾಡಿ. ಒಣ ದಾರ ತನ್ನ ಮೇಲೆ ತಾನು ಉಜ್ಜಿ ಹುಟ್ಟುವ ಶಾಖಕ್ಕೇ ದುರ್ಬಲವಾಗುತ್ತದೆ. ನುಣುಪಾದ ಬ್ರೇಡಿಗೆ ಪ್ಯಾಲೊಮಾರ್ ಗಂಟು ನಂಬಬಹುದಾದದ್ದು. ಬಿಸಿಲು, ನೀರು ಎರಡೂ ನೈಲಾನನ್ನು ಹಳತು ಮಾಡುತ್ತವೆ. ವರ್ಷಕ್ಕೊಮ್ಮೆ ಬದಲಿಸಿದರೆ ಆ ಖರ್ಚು ದಂಡವಲ್ಲ.

ರೀಲಿಗೆ ಬರೋಣ. ಬಾಸ್ ಹಿಡಿಯುವವರ ಹೆಮ್ಮೆಯ ಯಂತ್ರ ಬೇಟ್‌ಕಾಸ್ಟಿಂಗ್ ರೀಲು. ಅದರ ಮೂಲ 19ನೇ ಶತಮಾನದ ಆರಂಭದ ಕೆಂಟಕಿಯಲ್ಲಿದೆ. ಪ್ಯಾರಿಸ್ ಎಂಬ ಊರಿನ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ ಹಲ್ಲುಗಾಲಿಗಳನ್ನು ಜೋಡಿಸಿ, ಹಿಡಿ ಒಂದು ಸುತ್ತು ತಿರುಗಿದರೆ ಸುರುಳಿ ಹಲವು ಸುತ್ತು ತಿರುಗುವ ರೀಲು ಮಾಡಿದ. ಇಂದಿನ ರೀಲಿನ ಮೇಲೆ 7:1 ಎಂದು ಬರೆದಿರುವುದು ಅದೇ ಲೆಕ್ಕ: ಹಿಡಿಯ ಒಂದು ಸುತ್ತಿಗೆ ಸುರುಳಿಯ ಏಳು ಸುತ್ತು. ಹುಳು, ಜಿಗ್ (ತಲೆಗೆ ಭಾರ ಕೂಡಿಸಿದ ಗಾಳ) ಬಳಸುವವರಿಗೆ ಸಡಿಲ ದಾರವನ್ನು ಬೇಗ ಸುತ್ತಲು 7ರ ಮೇಲಿನದು ಬೇಕು. ಆಳಕ್ಕೆ ಮುಳುಗಿ ಎದುರುನೀರು ತಳ್ಳುವ ದೊಡ್ಡ ಕ್ರ್ಯಾಂಕ್‌ಬೇಟಿಗೆ 5ರ ಆಸುಪಾಸಿನದು ಕೈಗೆ ಹಗುರ.

ಈ ರೀಲಿನ ಕಷ್ಟ ಇರುವುದು ಎಸೆಯುವಾಗ. ಹಾರುವ ಲ್ಯೂರೇ ದಾರವನ್ನೆಳೆದು ಸುರುಳಿಯನ್ನು ತಿರುಗಿಸುತ್ತದೆ. 34 ಮಿ.ಮೀ. ವ್ಯಾಸದ ಸುರುಳಿ, ಸೆಕೆಂಡಿಗೆ 20 ಮೀಟರ್ ವೇಗದ ಲ್ಯೂರ್ ಎಂದುಕೊಂಡು ಲೆಕ್ಕ ಹಾಕಿದರೆ ಸುರುಳಿ ನಿಮಿಷಕ್ಕೆ 11,000 ಸುತ್ತು ದಾಟುತ್ತದೆ. ಅತ್ತ ಗಾಳಿ ಲ್ಯೂರನ್ನು ತಡೆಯುತ್ತದೆ, ಇತ್ತ ಸುರುಳಿಯನ್ನು ತಡೆಯುವವರಿಲ್ಲ. ಲ್ಯೂರ್ ಒಯ್ಯುವುದಕ್ಕಿಂತ ಹೆಚ್ಚು ದಾರವನ್ನು ಸುರುಳಿ ಬಿಡುತ್ತದೆ. ಹೆಚ್ಚಾದ ದಾರ ಉಬ್ಬಿ, ತಿರುಗಿ ಸುತ್ತಿಕೊಂಡು ಗೋಜಲಾಗುತ್ತದೆ. ಬ್ಯಾಕ್‌ಲ್ಯಾಶ್ ಎಂದು ಕರೆಯುವುದು ಇದನ್ನೇ.

ತಡೆಯಲು ಎರಡು ಬಗೆಯ ಬ್ರೇಕುಗಳಿವೆ. ಒಂದರಲ್ಲಿ ಸುರುಳಿಯ ಜೊತೆ ತಿರುಗುವ ಪುಟ್ಟ ತುಂಡುಗಳು ವೇಗ ಹೆಚ್ಚಿದಾಗ ಹೊರಕ್ಕೆ ಸರಿದು ಬಳೆಯೊಂದಕ್ಕೆ ಉಜ್ಜುತ್ತವೆ. ಹೊರಕ್ಕೆ ಒತ್ತುವ ಬಲ ವೇಗದ ವರ್ಗದಷ್ಟು ಏರುವುದರಿಂದ ಇದರ ಹಿಡಿತ ಎಸೆತದ ಆರಂಭದಲ್ಲೇ ಬಿಗಿ, ಕೊನೆಯಲ್ಲಿ ಸಡಿಲ. ಇನ್ನೊಂದರಲ್ಲಿ ಅಯಸ್ಕಾಂತಗಳಿವೆ. ಸುರುಳಿ ಅಲ್ಯೂಮಿನಿಯಮ್ಮಿನದು, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಅಯಸ್ಕಾಂತದ ಎದುರು ತಿರುಗಿದಾಗ ಲೋಹದೊಳಗೆ ಸುಳಿವಿದ್ಯುತ್ ಹುಟ್ಟಿ ಆ ಚಲನೆಯನ್ನೇ ವಿರೋಧಿಸುತ್ತದೆ. ನಮ್ಮ ಮನೆಗಳ ಹಳೆಯ ಕರೆಂಟ್ ಮೀಟರಿನಲ್ಲಿ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆಯನ್ನು ಹದದಲ್ಲಿ ಇಡುತ್ತಿದ್ದದ್ದೂ ಇದೇ ತತ್ವ. ಈ ಬ್ರೇಕಿನಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಸವೆಯುವುದಿಲ್ಲ. ಹೊಸಬರಿಗೆ, ಹೊರಗಿನ ಗುಂಡಿ ತಿರುಗಿಸಿ ಹೊಂದಿಸಬಹುದಾದ ಅಯಸ್ಕಾಂತದ ಬ್ರೇಕೇ ಒಳ್ಳೆಯದು.

ಹೊಂದಿಸುವ ಕ್ರಮ ಹೀಗೆ. ಲ್ಯೂರ್ ಕಟ್ಟಿ, ರಾಡನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು, ರೀಲಿನ ಗುಂಡಿ ಒತ್ತಿ ಲ್ಯೂರನ್ನು ಇಳಿಬಿಡಿ. ಹಿಡಿಯ ಪಕ್ಕದ ಪುಟ್ಟ ತಿರುಪನ್ನು, ಲ್ಯೂರ್ ನಿಧಾನವಾಗಿ ಇಳಿದು ನೆಲ ಮುಟ್ಟಿದಾಗ ಸುರುಳಿ ಒಂದು ಸುತ್ತಿನೊಳಗೆ ನಿಲ್ಲುವಷ್ಟು ಬಿಗಿ ಮಾಡಿ. ಬ್ರೇಕನ್ನು ಪೂರ್ತಿ ಏರಿಸಿ ಎಸೆಯಲು ಶುರುಮಾಡಿ, ಕೈ ಪಳಗಿದಂತೆ ಒಂದೊಂದೇ ಅಂಕ ಇಳಿಸಿ. ಎದುರುಗಾಳಿ ಬೀಸಿದರೆ ಮತ್ತೆ ಏರಿಸಿ. ಲ್ಯೂರ್ ಬದಲಿಸಿದಾಗಲೆಲ್ಲ ತಿರುಪನ್ನು ಮತ್ತೆ ನೋಡಿ. ಲ್ಯೂರ್ ನೀರು ಮುಟ್ಟುವ ಕ್ಷಣ ಸುರುಳಿಯ ಮೇಲೆ ಹೆಬ್ಬೆರಳು ಇಡಲೇಬೇಕು. ಯಾವ ಬ್ರೇಕೂ ಆ ಹೆಬ್ಬೆರಳಿಗೆ ಬದಲಿಯಲ್ಲ.

7 ಗ್ರಾಂಗಿಂತ ಹಗುರವಾದ ಲ್ಯೂರಿಗೆ ಸಾಮಾನ್ಯ ಸುರುಳಿಯನ್ನು ತಿರುಗಿಸುವ ತ್ರಾಣವಿರುವುದಿಲ್ಲ. ಅದಕ್ಕೆ ಸ್ಪಿನ್ನಿಂಗ್ ರೀಲು. 1905ರಲ್ಲಿ ಇದರ ಒಂದು ಮಾದರಿಗೆ ಪೇಟೆಂಟ್ ಪಡೆದ ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಜವಳಿ ಗಿರಣಿಯ ಮನುಷ್ಯ. ಇಲ್ಲಿ ಸುರುಳಿ ನಿಂತೇ ಇರುತ್ತದೆ, ದಾರ ಅದರ ಅಂಚಿನಿಂದ ಜಾರಿಹೋಗುತ್ತದೆ. ನಿಂತ ಸುರುಳಿಗೆ ಬ್ಯಾಕ್‌ಲ್ಯಾಶ್ ಇಲ್ಲ. ಬದಲಿಗೆ ದಾರ ಮುರಿಗೆ ಬೀಳುತ್ತದೆ. ಎಸೆದ ಮೇಲೆ, ದಾರ ಸುತ್ತುವ ತಂತಿಯ ಬಳೆಯನ್ನು ಹಿಡಿ ತಿರುಗಿಸಿ ಮುಚ್ಚುವ ಬದಲು ಕೈಯಿಂದ ಮುಚ್ಚಿದರೆ ಮುರಿ ಕಡಿಮೆಯಾಗುತ್ತದೆ. ಒಂದೇ ರೀಲು ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಎರಡರಲ್ಲೂ ಡ್ರ್ಯಾಗ್ ಇದೆ. ಮೀನು ಜೋರಾಗಿ ಜಗ್ಗಿದಾಗ ದಾರ ಹರಿಯದಂತೆ ಸುರುಳಿಯನ್ನು ಜಾರಬಿಡುವ ಏರ್ಪಾಡು ಅದು. ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ಜಾರುವಂತೆ ಸ್ಪ್ರಿಂಗ್ ತಕ್ಕಡಿಯಿಂದ ಅಳೆದು ಹೊಂದಿಸಿ. ದಾರ ಹೊರಹೋಗಿ ಸುರುಳಿಯ ಸುತ್ತಳತೆ ಅರ್ಧಕ್ಕಿಳಿದರೆ ಅದೇ ಡ್ರ್ಯಾಗಿಗೆ ಎರಡುಪಟ್ಟು ಎಳೆತ ಬೇಕಾಗುತ್ತದೆ ಎಂಬುದು ನೆನಪಿರಲಿ.

ರಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಳಡಿಯ, ಮೀಡಿಯಂ ಹೆವಿ ಎಂದು ಬರೆದಿರುವ, ತುದಿ ಮಾತ್ರ ಬಾಗುವ ಗ್ರಾಫೈಟ್ ರಾಡು ಹುಳು, ಜಿಗ್‌ಗಳಿಗೆ ಸಾಕು. ಹಿಡಿಯ ಮೇಲೆ ಎಷ್ಟು ಔನ್ಸಿನ ಲ್ಯೂರಿಗೆ ಎಂದು ಅಚ್ಚಾಗಿರುತ್ತದೆ. ಬೆಲೆಚೀಟಿಗಿಂತ ಮೊದಲು ಅದನ್ನು ಓದಿ.

ಲ್ಯೂರಿನ ಬಣ್ಣಕ್ಕೆ ಜನ ಸುರಿಯುವ ಹಣ ಕಂಡು ಬೇಸರವಾಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಬಾಸ್‌ಗಳನ್ನು ಬಣ್ಣ ಗುರುತಿಸಲು ಪಳಗಿಸಿ ನೋಡಿದರು. ಕೆಂಪು, ಹಸಿರನ್ನು ಅವು ಚೆನ್ನಾಗಿ ಗುರುತಿಸಿದವು. ಹಸಿರುಹಳದಿಯನ್ನು ಬಿಳಿಯೆಂದೂ ಕಡುನೀಲಿಯನ್ನು ಕಪ್ಪೆಂದೂ ಗೊಂದಲಪಟ್ಟವು. ಒಂದು ಕಡುಬಣ್ಣ, ಒಂದು ತಿಳಿಬಣ್ಣ, ಒಂದು ಸೊಪ್ಪಿನ ಹಸಿರು ಇದ್ದರೆ ಬಹಳ ದಿನ ನಡೆಯುತ್ತದೆ. ಕದಡಿದ ನೀರಿನಲ್ಲಿ ಬಾಸ್ ತನ್ನ ಮೈಯ ಪಾರ್ಶ್ವರೇಖೆಯಿಂದ ನೀರಿನ ಕಂಪನ ಗ್ರಹಿಸುತ್ತದೆ, ಅಲ್ಲಿ ಬಣ್ಣಕ್ಕಿಂತ ಲ್ಯೂರಿನ ಅಲುಗಾಟ ಮುಖ್ಯ.

ಉಳಿಸಿದ ಹಣವನ್ನು ಟಂಗ್‌ಸ್ಟನ್ ಭಾರಕ್ಕೆ ಹಾಕಿ. ಸೀಸಕ್ಕಿಂತ ಸಾಂದ್ರವಾದ್ದರಿಂದ ಅಷ್ಟೇ ತೂಕಕ್ಕೆ ಚಿಕ್ಕದು. ಗಟ್ಟಿಯಾದ್ದರಿಂದ ತಳದ ಕಲ್ಲು, ಮರ, ಕೆಸರುಗಳ ವ್ಯತ್ಯಾಸವನ್ನು ಕೈಗೆ ಮುಟ್ಟಿಸುತ್ತದೆ. ಸೀಸ ಬಿಡಲು ಇದಕ್ಕಿಂತ ದೊಡ್ಡ ಕಾರಣವಿದೆ. ನ್ಯೂ ಇಂಗ್ಲೆಂಡಿನ ಸರೋವರಗಳಲ್ಲಿ ಲೂನ್ ಹಕ್ಕಿಗಳು ಸೀಸದ ಗುಂಡು ನುಂಗಿ ವಿಷವೇರಿ ಸಾಯುತ್ತವೆ. ನ್ಯೂ ಹ್ಯಾಂಪ್‌ಶೈರಿನಂಥ ರಾಜ್ಯಗಳು ಸಣ್ಣ ಸೀಸದ ಭಾರಗಳನ್ನು ಕಾನೂನಿನಿಂದಲೇ ತಡೆದಿವೆ. ಕಾನೂನಿಲ್ಲದ ರಾಜ್ಯದಲ್ಲೂ ಸೀಸ ಎಸೆಯಬೇಡಿ.

ಹಿಡಿದ ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಿ, ಮೈಮೇಲಿನ ಲೋಳೆ ಅದರ ರಕ್ಷಣೆ. ದೊಡ್ಡ ಬಾಸನ್ನು ಕೆಳದುಟಿಯಿಂದ ನೇತಾಡಿಸಬೇಡಿ, ಇನ್ನೊಂದು ಕೈ ಹೊಟ್ಟೆಯಡಿ ಇರಲಿ. ಜೀವಂತ ಬಾಸನ್ನು ಬೇರೆ ಕೆರೆಗೆ ಒಯ್ಯಲೇಬೇಡಿ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸಿನ ಬಾಸಿಗೆ ಸರಿಸಮನಾದ ಮೀನು 2009ರಲ್ಲಿ ಸಿಕ್ಕಿದ್ದು ಜಪಾನಿನ ಬಿವಾ ಸರೋವರದಲ್ಲಿ. ಬಾಸ್ ಅಲ್ಲಿನದಲ್ಲ, ಜನ ತಂದು ಬಿಟ್ಟದ್ದು. ಸ್ಥಳೀಯ ಮೀನುಗಳನ್ನು ತಿಂದು ಬೆಳೆದ ಅದನ್ನು ಜಪಾನ್ ಈಗ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿಟ್ಟಿದೆ.

ಹಳೆಯ ದಾರವನ್ನು ದಡದಲ್ಲಿ ಬಿಡಬೇಡಿ, ಹಕ್ಕಿ, ಆಮೆಗಳ ಕಾಲಿಗೆ ಸುತ್ತುತ್ತದೆ. ಅಮೆರಿಕದ ಅನೇಕ ದೋಣಿಕಟ್ಟೆಗಳಲ್ಲಿ ನೈಲಾನ್ ದಾರ ಹಾಕಲು ಕೊಳವೆಗಳಿವೆ, ಅದು ಮರುಬಳಕೆಗೆ ಹೋಗುತ್ತದೆ. ಬ್ರೇಡನ್ನು ಅದರಲ್ಲಿ ಹಾಕುವಂತಿಲ್ಲ. ಅದನ್ನು ಮನೆಗೆ ತಂದು ಗೇಣಿಗಿಂತ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಮುಚ್ಚಳವಿರುವ ಕಸದ ಬುಟ್ಟಿಗೆ ಹಾಕಿ.