ಪಾಳಿಯ ಮೇಲೆ ಹಾಡುವ ಊರು

ಬೆಂಗಳೂರಿನಿಂದ ನ್ಯಾಶ್‌ವಿಲ್‌ಗೆ ನೇರ ವಿಮಾನವಿಲ್ಲ. ಲಂಡನ್ ಮಾರ್ಗ ಹಿಡಿದರೆ ಮೊದಲು ಹತ್ತು ಹನ್ನೊಂದು ಗಂಟೆ, ನಡುವೆ ಹೀಥ್ರೂನಲ್ಲಿ ಕಾಯುವ ಶಿಕ್ಷೆ, ಆಮೇಲೆ ಅಟ್ಲಾಂಟಿಕ್ ದಾಟಲು ಮತ್ತೆ ಸುಮಾರು ಒಂಬತ್ತು ಗಂಟೆ. ಅಮೆರಿಕದ ಟೆನೆಸಿ ರಾಜ್ಯದ ಈ ರಾಜಧಾನಿ ಬೇಸಿಗೆಯಲ್ಲಿ ನಮಗಿಂತ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದೆ. ಮೈಗೆ ನಡುರಾತ್ರಿಯಾದ ಹೊತ್ತಿನಲ್ಲಿ ಅಲ್ಲಿ ನೆತ್ತಿಯ ಮೇಲೆ ಸೂರ್ಯ. ಊದಿಕೊಂಡ ಕಾಲು, ಉರಿಯುವ ಕಣ್ಣು ಹೊತ್ತು ಹೊರಬಾಗಿಲ ಕಡೆ ಹೆಜ್ಜೆ ಎಳೆಯುವವರ ಕಿವಿಗೆ ನಿಲ್ದಾಣದೊಳಗೇ ಯಾರೋ ಗಿಟಾರ್ ಮೀಟಿ ಹಾಡುವುದು ಬೀಳುತ್ತದೆ. ಅದು ಸ್ಪೀಕರಿನಿಂದ ಬಂದ ಹಾಡಲ್ಲ. ಅಲ್ಲಿ ಪುಟ್ಟ ಪುಟ್ಟ ವೇದಿಕೆಗಳಿವೆ. ಹಾಡುತ್ತಿರುವವರು ಅಂದಿನ ಕೆಲಸಕ್ಕೆ ಬಂದವರು.

ಕೆಲಸ ಎಂದದ್ದು ಬೇಕೆಂದೇ. ಹಾಡಿನ ಊರು ಎಂದು ಹೇಳಿಕೊಳ್ಳುವ ನಗರಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ನ್ಯಾಶ್‌ವಿಲ್‌ನಲ್ಲಿ ಮಾತ್ರ ಹಾಡು ಒಂದು ಕಸುಬು. ಅದಕ್ಕೆ ಪಾಳಿ ಇದೆ, ಕೂಲಿ ಇದೆ, ಸಲಕರಣೆ ಇದೆ, ಕರಪತ್ರ ಅಚ್ಚು ಹಾಕುವವರಿದ್ದಾರೆ, ಬಂಡವಾಳ ಹೂಡಿದ ವಿಮಾ ಕಂಪನಿಯೊಂದರ ಚರಿತ್ರೆಯೂ ಇದೆ. ಇದರಲ್ಲಿ ಬಹುಪಾಲನ್ನು ಒಂದೂವರೆ ಕಿಲೋಮೀಟರಿನೊಳಗೆ ನಡೆದೇ ನೋಡಬಹುದಾದ್ದರಿಂದ, ನಿದ್ದೆಗೆಟ್ಟ ಮೊದಲ ದಿನಕ್ಕೆ ಇಷ್ಟು ಹೊಂದುವ ಊರು ಇನ್ನೊಂದಿಲ್ಲ.

ಕಂಬರ್ಲೆಂಡ್ ನದಿಯ ದಡಕ್ಕೆ ಇಳಿಯುವ ಬ್ರಾಡ್‌ವೇ ರಸ್ತೆಯ ಕೆಳತುದಿಯಲ್ಲಿ ಬೆಳಿಗ್ಗೆ ಹತ್ತು ಹನ್ನೊಂದರ ಸುಮಾರಿಗೇ ವಾದ್ಯಗಳು ಶುರುವಾಗುತ್ತವೆ. ನಿಲ್ಲುವುದು ರಾತ್ರಿ ಎರಡರ ಮೇಲೆ. ರಸ್ತೆಯ ಎರಡೂ ಬದಿಗೆ ಇರುವ ಈ ಹಾಡಿನ ಬಾರುಗಳಿಗೆ ಹಾಂಕಿ ಟಾಂಕ್ ಎನ್ನುತ್ತಾರೆ. ಬಹುತೇಕ ಕಡೆ ಪ್ರವೇಶ ಶುಲ್ಕವಿಲ್ಲ. ಒಂದೊಂದು ತಂಡದ್ದೂ ಸಾಮಾನ್ಯವಾಗಿ ನಾಲ್ಕು ಗಂಟೆಯ ಪಾಳಿ. ಹಾಡಿನ ನಡುವೆ ತಂಡದವರೊಬ್ಬರು ಬಕೆಟ್ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಾರೆ. ಕೇಳುಗರು ಅದರಲ್ಲಿ ಹಾಕುವ ಡಾಲರೇ ಕಲಾವಿದರ ಸಂಪಾದನೆಯ ದೊಡ್ಡ ಪಾಲು. ಇಷ್ಟದ ಹಾಡು ಬೇಕಿದ್ದರೆ ಹೆಸರು ಬರೆದ ಚೀಟಿಯ ಜೊತೆ ನೋಟೂ ಹೋಗಬೇಕು. ಬಕೆಟ್ ಬಂದಾಗ ಫೋನಿನ ಕಡೆ ತಲೆ ಬಗ್ಗಿಸುವವರು ಎಲ್ಲ ದೇಶದವರಲ್ಲೂ ಇದ್ದಾರೆ.

ಇಲ್ಲಿ ಕಿವಿಗೆ ಬೀಳುವುದೆಲ್ಲ ಒಳ್ಳೆಯ ಸಂಗೀತವೆಂದು ತಿಳಿಯಬೇಕಿಲ್ಲ. ಈಚೆಗೆ ಹೆಸರಾಂತ ಗಾಯಕರ ಹೆಸರು ಹೊತ್ತ ನಾಲ್ಕಂತಸ್ತಿನ ಬಾರುಗಳು ಎದ್ದಿವೆ. ಒಂದೊಂದು ಮಹಡಿಯಲ್ಲಿ ಒಂದೊಂದು ತಂಡ, ಬೀದಿಯಲ್ಲಿ ಮದುವೆಗೆ ಮುಂಚಿನ ಮೋಜಿಗೆ ಬಂದ ಗುಂಪುಗಳ ಕೇಕೆ. ಹಳೆಯ ಕಂಟ್ರಿ ಸಂಗೀತ ಬೇಕಾದವರು ಗೋಡೆಯ ತುಂಬ ಬೂಟುಗಳನ್ನು ಜೋಡಿಸಿಟ್ಟಿರುವ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್‌ನಂಥ ಜಾಗಕ್ಕೆ ಹೋಗಬೇಕು. ಪಿಟೀಲು, ಉಕ್ಕಿನ ಪಟ್ಟಿಯನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಸ್ಟೀಲ್ ಗಿಟಾರ್, ಮೂಗಿನಲ್ಲಿ ಸ್ವಲ್ಪ ಎಳೆದು ಹಾಡುವ ಧ್ವನಿ, ಮುರಿದ ಪ್ರೇಮ, ಕುಡಿತ, ದೇವರು, ಬಿಟ್ಟುಬಂದ ಹಳ್ಳಿ: ಕಂಟ್ರಿಯ ಮೂಲ ಸಾಮಗ್ರಿಯೆಲ್ಲ ಅಲ್ಲಿ ಸಿಗುತ್ತದೆ.

ಅದೇ ಸಾಲಿನಲ್ಲಿ ನೇರಳೆ ಬಣ್ಣದ ಕಟ್ಟಡವೊಂದು ಕಣ್ಣಿಗೆ ಹೊಡೆಯುತ್ತದೆ. ಅದು ಟೂಟ್ಸೀಸ್ ಆರ್ಕಿಡ್ ಲೌಂಜ್. 1960ರಲ್ಲಿ ಈ ಬಾರನ್ನು ಕೊಂಡ ಟೂಟ್ಸಿ ಬೆಸ್ ಎಂಬಾಕೆ ಕೈಯಲ್ಲಿ ಕಾಸಿಲ್ಲದ ಹಾಡುಗಾರರಿಗೆ ಸಾಲ ಕೊಟ್ಟು ಚೀಟಿಗಳನ್ನು ಸಿಗಾರ್ ಡಬ್ಬಿಯಲ್ಲಿ ಇಡುತ್ತಿದ್ದರಂತೆ. ವಿಲ್ಲೀ ನೆಲ್ಸನ್, ಕ್ರಿಸ್ ಕ್ರಿಸ್ಟೋಫರ್ಸನ್ ಹೆಸರು ಮಾಡುವ ಮೊದಲು ಇಲ್ಲಿ ಕೂತು ಎದ್ದವರು. ಈ ಬಾರಿನ ಹಿಂಬಾಗಿಲು ತೆರೆದರೆ ಒಂದು ಓಣಿ. ಓಣಿಯ ಆಚೆ ರೈಮನ್ ಸಭಾಂಗಣ.

ಕೆಂಪು ಇಟ್ಟಿಗೆಯ ರೈಮನ್ ಹುಟ್ಟಿದ್ದು ಸಂಗೀತಕ್ಕಲ್ಲ, ಪ್ರಾರ್ಥನೆಗೆ. ಟಾಮ್ ರೈಮನ್ ನದಿಯಲ್ಲಿ ಉಗಿದೋಣಿಗಳನ್ನು ಓಡಿಸಿ ದುಡ್ಡು ಮಾಡಿದ ವ್ಯಾಪಾರಿ. 1885ರಲ್ಲಿ ಸ್ಯಾಮ್ ಜೋನ್ಸ್ ಎಂಬ ಕ್ರೈಸ್ತ ಪ್ರವಚನಕಾರ ಡೇರೆ ಹಾಕಿ ಉಪದೇಶ ನಡೆಸುತ್ತಿದ್ದಾಗ ಗೇಲಿ ಮಾಡಲು ಹೋದ ರೈಮನ್ ಅಲ್ಲೇ ಮನಸ್ಸು ಬದಲಿಸಿಕೊಂಡನೆಂದು ಕಥೆ. ಇಂಥ ಪ್ರವಚನ ಡೇರೆಯಲ್ಲಿ ನಡೆಯಬಾರದೆಂದು ಆತ ಮುಂದೆ ನಿಂತು ಕಟ್ಟಿಸಿದ ಯೂನಿಯನ್ ಗಾಸ್ಪೆಲ್ ಟ್ಯಾಬರ್ನೇಕಲ್ 1892ರಲ್ಲಿ ಮುಗಿಯಿತು. 1904ರಲ್ಲಿ ಆತ ತೀರಿಕೊಂಡ ಮೇಲೆ ಕಟ್ಟಡಕ್ಕೆ ಆತನ ಹೆಸರೇ ಬಂತು. ಇಂದಿಗೂ ಅಲ್ಲಿ ಕುರ್ಚಿಗಳಿಲ್ಲ. ಚರ್ಚಿನ ಉದ್ದನೆಯ ಮರದ ಬೆಂಚುಗಳೇ. ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು ಬಂದ ಬೆನ್ನಿಗೆ ಅವು ಅಷ್ಟೇನೂ ದಯೆ ತೋರುವುದಿಲ್ಲ.

ಸಾಲ ತೀರಿಸಲು ಕಟ್ಟಡವನ್ನು ಬಾಡಿಗೆಗೆ ಬಿಡಬೇಕಾಯಿತು. ಅದರಿಂದಲೇ ಅದು ರಂಗಮಂದಿರವಾಯಿತು. 1920ರಿಂದ 1955ರವರೆಗೆ ಅದನ್ನು ನಡೆಸಿದವರು ಲೂಲಾ ನ್ಯಾಫ್ ಎಂಬ ವಿಧವೆ. ಹೆಣ್ಣೆಂದು ಗೊತ್ತಾದರೆ ವ್ಯವಹಾರ ಕೆಡುತ್ತದೆಂದು ಕಾಗದಪತ್ರಗಳಿಗೆಲ್ಲ 'ಎಲ್. ಸಿ. ನ್ಯಾಫ್' ಎಂದೇ ಸಹಿ ಹಾಕುತ್ತಿದ್ದರು. ಈ ವೇದಿಕೆಯಲ್ಲಿ ಇಟಲಿಯ ಗಾಯಕ ಕರೂಸೊ ಹಾಡಿದ್ದಾನೆ, ಹೂಡಿನಿ ಜಾದೂ ತೋರಿಸಿದ್ದಾನೆ, ಹೆಲೆನ್ ಕೆಲರ್ 1913ರಲ್ಲಿ ಬಂದಾಗ ಸಭಾಂಗಣದ ಟಿಕೆಟ್‌ಗಳೆಲ್ಲ ಖರ್ಚಾಗಿದ್ದವು. ಆದರೆ ರೈಮನ್‌ಗೆ ಈಗಿನ ಖ್ಯಾತಿ ತಂದದ್ದು 1943ರಿಂದ 1974ರವರೆಗೆ ಅಲ್ಲಿ ಬೀಡುಬಿಟ್ಟಿದ್ದ ಒಂದು ರೇಡಿಯೊ ಕಾರ್ಯಕ್ರಮ.

ಆ ಕಾರ್ಯಕ್ರಮದ ಬೇರು ಇರುವುದು ವಿಮೆಯ ಕಚೇರಿಯಲ್ಲಿ. ನ್ಯಾಷನಲ್ ಲೈಫ್ ಎಂಬ ಕಂಪನಿ ಮನೆಮನೆಗೆ ಏಜೆಂಟರನ್ನು ಕಳಿಸಿ ಬಡವರಿಗೂ ಪಾಲಿಸಿ ಮಾರುತ್ತಿತ್ತು. ಹೆಸರು ಜನರ ಕಿವಿಗೆ ಬೀಳಲೆಂದು 1925ರ ಅಕ್ಟೋಬರಿನಲ್ಲಿ ಡಬ್ಲ್ಯು.ಎಸ್.ಎಂ. ರೇಡಿಯೊ ಕೇಂದ್ರ ತೆರೆಯಿತು; ಆ ಮೂರಕ್ಷರ ಕಂಪನಿಯ ಜಾಹೀರಾತಿನ ಘೋಷಣೆಯಿಂದ ಬಂದವು. ಅದೇ ನವೆಂಬರ್ 28ರ ಶನಿವಾರ ನಿರೂಪಕ ಜಾರ್ಜ್ ಹೇ 77 ವರ್ಷದ ಅಂಕಲ್ ಜಿಮ್ಮಿ ಥಾಂಪ್ಸನ್ ಅವರನ್ನು ಮೈಕಿನ ಮುಂದೆ ಕೂರಿಸಿ ಪಿಟೀಲು ನುಡಿಸಲು ಹೇಳಿದ. ಪತ್ರಗಳು ಬಂದು ಬಿದ್ದವು. ಹಳ್ಳಿಯ ಹಾಡಿನ ಆ ಶನಿವಾರದ ಸಂಜೆ ಎರಡು ವರ್ಷದ ಬಳಿಕ 'ಗ್ರ್ಯಾಂಡ್ ಓಲ್ ಓಪ್ರಿ' ಆಯಿತು; ಅದಕ್ಕೆ ಮೊದಲು ಪ್ರಸಾರವಾಗುತ್ತಿದ್ದ ಶಾಸ್ತ್ರೀಯ ಸಂಗೀತದ ಗಂಭೀರ ಕಾರ್ಯಕ್ರಮವನ್ನು ಕೆಣಕಿ ಹೇ ಇಟ್ಟ ಹೆಸರದು. 1932ರಲ್ಲಿ ಕೇಂದ್ರದ ಶಕ್ತಿ 50,000 ವ್ಯಾಟ್‌ಗೆ ಏರಿದ ಮೇಲೆ ರಾತ್ರಿಯ ಹೊತ್ತು ಅರ್ಧ ಅಮೆರಿಕಕ್ಕೆ ನ್ಯಾಶ್‌ವಿಲ್ ಕೇಳಿಸತೊಡಗಿತು. ಹಾಡಬೇಕೆಂದವರು ಆ ದನಿಯ ಬೆನ್ನುಹತ್ತಿ ಊರಿಗೆ ಬಂದರು. ಅವರ ಹಿಂದೆ ಹಾಡು ಬರೆಯುವವರು, ಪ್ರಕಾಶಕರು, ಧ್ವನಿಮುದ್ರಣದ ಕಂಪನಿಗಳು. 2025ಕ್ಕೆ ಈ ಪ್ರಸಾರಕ್ಕೆ ನೂರು ತುಂಬಿತು. ಅಮೆರಿಕದ ರೇಡಿಯೊದಲ್ಲಿ ಇಷ್ಟು ಕಾಲ ನಡೆದ ಕಾರ್ಯಕ್ರಮ ಬೇರೊಂದಿಲ್ಲ.

ರೈಮನ್‌ನಲ್ಲಿ ನಡೆದದ್ದೆಲ್ಲ ಈಗ ಪುರಾಣದಂತೆ ಹೇಳಿಕೆಯಲ್ಲಿದೆ. 1945ರ ಡಿಸೆಂಬರಿನಲ್ಲಿ ಬಿಲ್ ಮನ್ರೋ ತಂಡಕ್ಕೆ ಅರ್ಲ್ ಸ್ಕ್ರಗ್ಸ್‌ನ ಬ್ಯಾಂಜೊ ಸೇರಿ ಬ್ಲೂಗ್ರಾಸ್ ಶೈಲಿ ರೂಪ ತಾಳಿತು. 1949ರ ಜೂನ್ 11ರಂದು ಮೊದಲ ಸಲ ಬಂದ ಹ್ಯಾಂಕ್ ವಿಲಿಯಮ್ಸ್‌ನನ್ನು ಜನ ಮತ್ತೆ ಮತ್ತೆ ಹಾಡಿಸಿದರು; ಮೂರು ವರ್ಷ ಕಳೆದ ಮೇಲೆ ಕುಡಿತದ ಕಾರಣಕ್ಕೆ ಅವನನ್ನು ತೆಗೆದುಹಾಕಿದರು; 1953ರ ಹೊಸವರ್ಷದ ದಿನ, 29ನೇ ವಯಸ್ಸಿನಲ್ಲಿ ಅವನು ಸತ್ತ. ಜಾನಿ ಕ್ಯಾಶ್ ತನ್ನ ಮುಂದಿನ ಹೆಂಡತಿ ಜೂನ್ ಕಾರ್ಟರ್‌ಳನ್ನು ಕಂಡದ್ದು ಇದೇ ವೇದಿಕೆಯ ಹಿಂದೆ. ಎಲ್ವಿಸ್ ಪ್ರೆಸ್ಲಿ 1954ರಲ್ಲಿ ಒಮ್ಮೆ ಹಾಡಿ ಹೋದ; ಮತ್ತೆ ಕರೆ ಬರಲಿಲ್ಲ.

ಪುರಾಣದಲ್ಲಿ ಸ್ವಲ್ಪ ಹಿಂದಕ್ಕೆ ಸರಿದ ಹೆಸರೊಂದಿದೆ: ಡಿಫೋರ್ಡ್ ಬೇಲಿ. ಬಾಲ್ಯದಲ್ಲಿ ಪೋಲಿಯೊ ಬಂದು ಕುಳ್ಳಗೆ ಉಳಿದ ಈ ಕಪ್ಪು ಕಲಾವಿದ ಬಾಯಲ್ಲಿ ಹಾರ್ಮೋನಿಕಾ ಇಟ್ಟರೆ ರೈಲೇ ಹೊರಟಂತಿರುತ್ತಿತ್ತು. ಓಪ್ರಿಗೆ ಆ ಹೆಸರು ಬಿದ್ದ ರಾತ್ರಿ ನುಡಿಸಿದವನೂ ಅವನೇ. ತಂಡದೊಂದಿಗೆ ಊರೂರು ಸುತ್ತುವಾಗ ದಕ್ಷಿಣದ ಹೋಟೆಲುಗಳು ಅವನಿಗೆ ಕೋಣೆ ಕೊಡುತ್ತಿರಲಿಲ್ಲ. 1941ರಲ್ಲಿ ಓಪ್ರಿ ಅವನನ್ನು ಕೈಬಿಟ್ಟಿತು. ಉಳಿದ ಆಯಸ್ಸಿನ ಬಹುಪಾಲು ಅವನು ನ್ಯಾಶ್‌ವಿಲ್‌ನಲ್ಲೇ ಬೂಟ್ ಪಾಲಿಶ್ ಅಂಗಡಿ ನಡೆಸಿದ. ಕಂಟ್ರಿ ಸಂಗೀತದ ಗೌರವ ಪಟ್ಟಿಗೆ ಹೆಸರು ಸೇರಿದ್ದು 2005ರಲ್ಲಿ, ತೀರಿಕೊಂಡು 23 ವರ್ಷದ ನಂತರ. 'ಬಿಳಿಯರ ಸಂಗೀತ' ಎಂಬ ಹಣೆಪಟ್ಟಿ ಹೊತ್ತ ಕಂಟ್ರಿಯ ಮುಖ್ಯ ವಾದ್ಯ ಬ್ಯಾಂಜೊ ಆಫ್ರಿಕಾ ಮೂಲದ್ದು. ಇದನ್ನೆಲ್ಲ ನೆನಪಿಸುವ ಆಫ್ರಿಕನ್ ಅಮೆರಿಕನ್ ಸಂಗೀತದ ರಾಷ್ಟ್ರೀಯ ಸಂಗ್ರಹಾಲಯ 2021ರಿಂದ ರೈಮನ್‌ನ ನೆರೆಯಲ್ಲೇ ಇದೆ. ಮೊದಲ ದಿನದ ಪಟ್ಟಿಯಿಂದ ಅದನ್ನು ಬಿಡುವವರೇ ಹೆಚ್ಚು, ಬಿಡಬಾರದು.

ಎರಡು ಹೆಜ್ಜೆ ಆಚೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್. ಪಿಯಾನೊ ಮನೆಗಳಂತೆ ಕಾಣುವ ಕಿಟಕಿಗಳ ಈ ಕಟ್ಟಡದೊಳಗೆ ಎಲ್ವಿಸ್‌ನ ಚಿನ್ನದ ಮಿರುಗಿನ ಕ್ಯಾಡಿಲಾಕ್ ಕಾರಿದೆ. ಜನ ಮುಗಿಬೀಳುವುದು ಅಲ್ಲೇ. ನಿಜವಾಗಿ ನಿಂತು ನೋಡಬೇಕಾದದ್ದು ಅದೇ ಕಟ್ಟಡದಲ್ಲಿರುವ ಹ್ಯಾಚ್ ಶೋ ಪ್ರಿಂಟ್. 1879ರಲ್ಲಿ ಹ್ಯಾಚ್ ಸಹೋದರರು ತೆರೆದ ಈ ಮುದ್ರಣಾಲಯ ಇಂದಿಗೂ ಮರದ ಮೊಳೆಗಳನ್ನು ಕೈಯಿಂದ ಜೋಡಿಸಿ, ಮರದ ಹಲಗೆಯಲ್ಲಿ ಕೆತ್ತಿದ ಚಿತ್ರಗಳಿಗೆ ಶಾಯಿ ಬಳಿದು ಪೋಸ್ಟರ್ ಅಚ್ಚು ಹಾಕುತ್ತದೆ. ಸರ್ಕಸ್, ನಾಟಕ, ಓಪ್ರಿ ತಂಡಗಳ ತಿರುಗಾಟ ಎಲ್ಲಕ್ಕೂ ಗೋಡೆಗೆ ಹಚ್ಚುವ ಕಾಗದ ಇಲ್ಲಿಂದ ಹೋಗುತ್ತಿತ್ತು. ಒಂದು ಬಣ್ಣಕ್ಕೆ ಒಂದು ಸಲ ಯಂತ್ರಕ್ಕೆ ಕೊಡಬೇಕು. ಹಳೆಯ ಅಚ್ಚುಗಳು ವಸ್ತುಸಂಗ್ರಹಾಲಯದ ಗಾಜಿನೊಳಗೆ ಸೇರದೆ ಹೊಸ ಪೋಸ್ಟರಿಗೆ ದುಡಿಯುತ್ತಲೇ ಇವೆ. ರೈಮನ್‌ನಲ್ಲಿ ಇವತ್ತು ಹಾಡುವವರ ಪೋಸ್ಟರೂ ಇಲ್ಲೇ ಆಗುತ್ತದೆ.

ಹಾಲ್ ಆಫ್ ಫೇಮ್‌ನಿಂದಲೇ ಬಸ್ಸು ಹೊರಡುವ ಆರ್‌ಸಿಎ ಸ್ಟುಡಿಯೊ ಬಿ ಇನ್ನೊಂದು ಕಾರ್ಯಾಗಾರ. 1957ರಲ್ಲಿ ಕಟ್ಟಿದ ಈ ಸಾಧಾರಣ ಕಟ್ಟಡದಲ್ಲಿ ಎಲ್ವಿಸ್ ಒಬ್ಬನೇ ಇನ್ನೂರಕ್ಕೂ ಹೆಚ್ಚು ಹಾಡು ಮುದ್ರಿಸಿದ. ಹೊರಗೋಡೆಯಲ್ಲಿ ಒಂದು ಪೆಟ್ಟಿನ ಗುರುತನ್ನು ತೋರಿಸುತ್ತಾರೆ: ತಡವಾಯಿತೆಂದು ಧಾವಿಸಿ ಬಂದ ಡಾಲಿ ಪಾರ್ಟನ್ ಕಾರನ್ನು ಗೋಡೆಗೇ ಗುದ್ದಿದ್ದಂತೆ. ಇಲ್ಲಿ ವಾದ್ಯ ನುಡಿಸುವವರು ಕೂಲಿಯ ಲೆಕ್ಕದಲ್ಲಿ ಬರುತ್ತಿದ್ದವರು. ಮೂರು ಗಂಟೆಯ ಒಂದು ಸರದಿಯಲ್ಲಿ ಮೂರು ನಾಲ್ಕು ಹಾಡು ಮುಗಿಸುವುದು ರೂಢಿ. ಸ್ವರಲಿಪಿ ಬರೆದು ಹಂಚುತ್ತಾ ಕೂರಲು ಹೊತ್ತೆಲ್ಲಿ? 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ತಂಡದ ನೀಲ್ ಮ್ಯಾಥ್ಯೂಸ್ ಒಂದು ಉಪಾಯ ಹುಡುಕಿದರು. ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಅಕ್ಷರದಲ್ಲಿ ಬರೆಯದೆ 1, 4, 5 ಎಂದು ಅಂಕಿಯಲ್ಲಿ ಬರೆಯುವುದು. ನಮ್ಮ ಸಂಗೀತದಲ್ಲಿ ಗಾಯಕರ ಶ್ರುತಿ ಯಾವುದಾದರೂ ಅದೇ ಷಡ್ಜವಾಗಿ, ಉಳಿದ ಸ್ವರಗಳು ಅದರ ಲೆಕ್ಕಕ್ಕೆ ಬರುತ್ತವಲ್ಲ, ಇದೂ ಹಾಗೆಯೇ: ಆಧಾರ ಸ್ವರವೇ 1. ಗಾಯಕಿಗೆ ಗಂಟಲು ಕಟ್ಟಿ ಅರ್ಧ ಮನೆ ಇಳಿಸಬೇಕೆಂದರೆ ಹಾಳೆ ಬದಲಾಗದು, ಕೈಬೆರಳು ಮಾತ್ರ ಸರಿಯುತ್ತದೆ. ಬ್ರಾಡ್‌ವೇಯ ಬಾರಿನಲ್ಲಿ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ನಾಲ್ವರು ವೇದಿಕೆ ಹತ್ತಿ, ಬೆರಳೆತ್ತಿ ಅಂಕಿ ತೋರಿಸಿಕೊಂಡೇ ಪಾಳಿ ಮುಗಿಸುವುದು ಇದರ ಬಲದಿಂದ.

ನಮ್ಮ ಸಂಗೀತವೂ ಇಲ್ಲಿಗೆ ಬಂದಿದೆ. 2006ರಲ್ಲಿ ಶೆರ್ಮರ್‌ಹಾರ್ನ್ ಸಿಂಫನಿ ಸೆಂಟರ್ ತೆರೆದಾಗ ನ್ಯಾಶ್‌ವಿಲ್ ಸಿಂಫನಿಗಾಗಿ ಬ್ಯಾಂಜೊದ ಬೇಲಾ ಫ್ಲೆಕ್, ಬಾಸ್‌ನ ಎಡ್ಗರ್ ಮೇಯರ್ ಜೊತೆಗೂಡಿ ಕೃತಿ ರಚಿಸಿ ನುಡಿಸಿದವರು ತಬಲಾದ ಜಾಕಿರ್ ಹುಸೇನ್.

ಊಟದ ಮಾತು. ಈ ಊರಿನ ಹೆಮ್ಮೆ ಹಾಟ್ ಚಿಕನ್. ಕೆಂಪು ಮೆಣಸಿನ ಪುಡಿಯಲ್ಲಿ ಮಿಂದ ಕೋಳಿ, ಬ್ಯಾಡಗಿ ತಿಂದು ಬೆಳೆದವರನ್ನೂ ನೀರು ಕೇಳಿಸುತ್ತದೆ. ಸಸ್ಯಾಹಾರಿಗಳು 'ಮೀಟ್ ಅಂಡ್ ತ್ರೀ' ಊಟದ ಮನೆಗಳಲ್ಲಿ ಮಾಂಸ ಬಿಟ್ಟು ಬರಿಯ ಪಲ್ಯಗಳ ತಟ್ಟೆ ಕೇಳಬಹುದು. ಆದರೆ ಸೊಪ್ಪು, ಬೀನ್ಸ್‌ಗೆ ಹಂದಿಮಾಂಸ ಹಾಕಿ ಬೇಯಿಸುವ ಪದ್ಧತಿಯಿದೆ, ವಿಚಾರಿಸಿಕೊಂಡೇ ತಿನ್ನಬೇಕು. ಚೀಸ್ ಸುರಿದ ಮ್ಯಾಕರೋನಿಯನ್ನು ಅಲ್ಲಿ ತರಕಾರಿಯ ಸಾಲಿಗೆ ಸೇರಿಸಿದ್ದಾರೆ.

ಓಪ್ರಿಯನ್ನು ಮಾತ್ರ ಮೊದಲ ಸಂಜೆಗೆ ಇಟ್ಟುಕೊಳ್ಳಬಾರದು. ಎಂಟು ಗಂಟೆಗೆ ಕಣ್ಣು ಮುಚ್ಚಿಕೊಂಡು ಹೋಗುತ್ತದೆ. 1974ರ ಮಾರ್ಚ್ 16ರಿಂದ ಅದರ ಮನೆ ಪೇಟೆಯಿಂದ ಸುಮಾರು 15 ಕಿ.ಮೀ. ದೂರದ ಓಪ್ರಿ ಹೌಸ್. ಹೊರಡುವಾಗ ರೈಮನ್ ವೇದಿಕೆಯಿಂದ ಆರಡಿ ಅಗಲದ ಓಕ್ ಮರದ ವೃತ್ತವೊಂದನ್ನು ಕೊಯ್ದು ತಂದು ಹೊಸ ವೇದಿಕೆಯ ನಡುವೆ ಕೂರಿಸಿದರು. 2010ರ ಮೇ ತಿಂಗಳ ಪ್ರವಾಹದಲ್ಲಿ ವೇದಿಕೆ ಮುಳುಗಿದರೂ ಆ ಮರ ಉಳಿಯಿತು. ಚಳಿಗಾಲದಲ್ಲಿ ಕೆಲವು ಪ್ರದರ್ಶನಗಳು ರೈಮನ್‌ಗೆ ಮರಳುವುದೂ ಉಂಟು. ಟಿಕೆಟ್ ಮುಂಚಿತವಾಗಿ ಕೊಂಡಿರಬೇಕು. ಹಾಂಕಿ ಟಾಂಕ್‌ಗಳಲ್ಲಿ ಸಂಜೆಯ ಮೇಲೆ ಹಲವೆಡೆ 21 ದಾಟಿದವರಿಗಷ್ಟೇ ಪ್ರವೇಶ, ಹಾಗಾಗಿ ಪಾಸ್‌ಪೋರ್ಟ್ ಜೊತೆಗಿರಲಿ. ಬಕೆಟ್ಟಿಗೆ ಹಾಕಲು ಒಂದು, ಐದು ಡಾಲರಿನ ನೋಟುಗಳೂ ಇರಲಿ. ಓಪ್ರಿ ವಾರದಲ್ಲಿ ಬೇರೆ ದಿನಗಳಲ್ಲೂ ನಡೆಯುತ್ತದೆ, ಶನಿವಾರವಂತೂ ತಪ್ಪುವುದಿಲ್ಲ. ಗುರುವಾರ ಬಂದಿಳಿದು ಭಾನುವಾರ ಹೊರಡುವಂತೆ ವಿಮಾನದ ಟಿಕೆಟ್ ಮಾಡಿಸಿಕೊಂಡರೆ ನಿದ್ದೆಗೂ ಹಾಡಿಗೂ ಹೊತ್ತು ಸಿಗುತ್ತದೆ.