ಬೇಳೆ ಚೀಲದ ಗುರುತಿಗೂ ಕಾವಲು ಬೇಕು

ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ತೊಗರಿ, ಉದ್ದು, ಹೆಸರು ಬೆಳೆಯುವ ರೈತರು ಸಂಘ ಕಟ್ಟಿಕೊಂಡು, ಬೇಳೆ ಮಾಡಿಸಿ, ಸ್ವಂತ ಹೆಸರಿನ ಚೀಲದಲ್ಲಿ ಮಾರಬಹುದು. ಮಾಲು ಚೆನ್ನಾಗಿದ್ದರೆ ಗಿರಾಕಿ ಆ ಹೆಸರನ್ನೇ ಕೇಳಿಕೊಂಡು ಬರುತ್ತಾನೆ. ಅಪಾಯ ಶುರುವಾಗುವುದೂ ಆಗಲೇ. ಅದೇ ಬಣ್ಣದ ಚೀಲಕ್ಕೆ ಒಂದಕ್ಷರ ಬದಲಿಸಿದ ಹೆಸರು ಹಾಕಿ, ಕಳಪೆ ಬೇಳೆ ತುಂಬಿ ಮಾರುವವರು ಹುಟ್ಟಿಕೊಳ್ಳುತ್ತಾರೆ. ಬೇಳೆಯಲ್ಲಿ ಕಲ್ಲು ಸಿಕ್ಕ ಗಿರಾಕಿ ಬಯ್ಯುವುದು ನಿಮ್ಮನ್ನೇ.

ಬೀದರ್ ನಗರದ ಬಿದರಿ ಕಲೆಗೆ 2006ರಲ್ಲಿ, ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ರಕ್ಷಣೆ ಸಿಕ್ಕಿದೆ. ಅದು ಆ ಪ್ರದೇಶದವರಿಗೆಲ್ಲ ಸೇರಿದ ಹೆಸರು. ಒಂದು ಸಂಘದ ಚೀಲಕ್ಕೆ ಬೇಕಾದದ್ದು ವ್ಯಾಪಾರ ಚಿಹ್ನೆ. ಇದಕ್ಕೆ 1999ರ ಕಾಯ್ದೆ ಇದೆ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ; ಆನ್‌ಲೈನಿನಲ್ಲೂ ಸಲ್ಲಿಸಬಹುದು. ಬರೀ ಊರಿನ ಮತ್ತು ಕಾಳಿನ ಹೆಸರಿಟ್ಟರೆ ನೋಂದಣಿ ಕಷ್ಟ. ಬೇರೆ ಯಾರೂ ಇಡದ ಹೆಸರನ್ನು ಆರಿಸಿರಿ. ನೋಂದಣಿಯ ಅವಧಿ 10 ವರ್ಷ. ಆಮೇಲೆ ನವೀಕರಿಸಬೇಕು.

ಆದರೆ ನೋಂದಣಿಯೊಂದೇ ಸಾಲದು. 1962ರಲ್ಲಿ ಸುಪ್ರೀಂ ಕೋರ್ಟು 'ಅಮೃತಧಾರಾ' ಔಷಧಿಯ ಮೊಕದ್ದಮೆಯನ್ನು ತೀರ್ಮಾನಿಸಿತು. 'ಲಕ್ಷ್ಮಣಧಾರಾ' ಎಂಬ ಹೆಸರು ಸಾಮಾನ್ಯ ಗಿರಾಕಿಯನ್ನು ದಾರಿ ತಪ್ಪಿಸುವಂತಿದೆ ಎಂದು ಕೋರ್ಟು ಒಪ್ಪಿತು. ಹಾಗಿದ್ದರೂ ಅಮೃತಧಾರಾದವರು ತಿಳಿದೂ ಬಹುಕಾಲ ಸುಮ್ಮನಿದ್ದುದರಿಂದ, ಆ ಹೆಸರಿಗೆ ಉತ್ತರ ಪ್ರದೇಶದ ಮಟ್ಟಿಗೆ ನೋಂದಣಿ ದೊರೆಯಿತು. ಸುಮ್ಮನಿದ್ದವರ ಹಕ್ಕು ಸಡಿಲವಾಗುತ್ತದೆ.

ಆದ್ದರಿಂದ ಸಂಘದವರು ಈ ಕ್ರಮ ಅನುಸರಿಸುವುದು ಒಳ್ಳೆಯದು:

1. ತಿಂಗಳಿಗೊಮ್ಮೆ ಸಂತೆ, ಕಿರಾಣಿ ಅಂಗಡಿಗಳನ್ನು ಸುತ್ತಿ ನೋಡಿರಿ. ಔರಾದಿನವರು ಗಡಿಯಾಚೆಯ ಮಹಾರಾಷ್ಟ್ರ, ತೆಲಂಗಾಣದ ಪೇಟೆಗಳನ್ನೂ ಗಮನಿಸಬೇಕು.

2. ಚೀಲ ಮುದ್ರಿಸುವವರಿಂದ ಲೆಕ್ಕ ಪಡೆಯಿರಿ. ಹೆಚ್ಚುವರಿ ಚೀಲ, ಹಾಳಾದ ಚೀಲ ಗುಜರಿಗೆ ಹೋಗಬಾರದು.

3. ಹೊಸ ಅರ್ಜಿಗಳು ಪ್ರತಿವಾರ ವ್ಯಾಪಾರ ಚಿಹ್ನೆ ಪತ್ರಿಕೆಯಲ್ಲಿ ಪ್ರಕಟವಾಗುತ್ತವೆ. ನಿಮ್ಮದನ್ನು ಹೋಲುವ ಹೆಸರು ಕಂಡರೆ 4 ತಿಂಗಳೊಳಗೆ ತಕರಾರು ಸಲ್ಲಿಸಬೇಕು.

4. ನಕಲಿ ಚೀಲ ಸಿಕ್ಕರೆ ಜಗಳಕ್ಕೆ ಹೋಗಬೇಡಿರಿ. ಒಂದನ್ನು ಬಿಲ್ ಸಮೇತ ಕೊಂಡು, ಒಡೆಯದೆ ಇಟ್ಟು, ವಕೀಲರಿಂದ ನೋಟೀಸು ಕೊಡಿಸಿರಿ. ನಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಸುಳ್ಳು ಗುರುತು ಹಾಕುವವರಿಗೆ ಕಾಯ್ದೆಯಲ್ಲಿ 6 ತಿಂಗಳಿನಿಂದ 3 ವರ್ಷದವರೆಗೆ ಸಜೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವಿದೆ.

ನೋಂದಣಿ ಹೊಲಕ್ಕೆ ಹಾಕಿದ ಬೇಲಿಯಿದ್ದಂತೆ. ಬೇಲಿ ಹಾಕಿದ ಮೇಲೂ ಫಸಲು ಕಾಯುವವರು ನಾವೇ ಅಲ್ಲವೇ?